ಕಾಯುವ ದಂಡು, ಕಾಣದ ದಂಡು

ಹಳೆಯ ಯುದ್ಧಗಳನ್ನು ನಕ್ಷೆ, ಕಾಯಿ, ದಾಳಗಳ ನೆರವಿನಿಂದಲೋ ಕಂಪ್ಯೂಟರ್ ಪರದೆಯ ಮೇಲೋ ಮತ್ತೆ ಆಡಿ ನೋಡುವ ಆಟಗಳಿಗೆ ವಾರ್‌ಗೇಮ್ ಎಂಬ ಹೆಸರು ರೂಢಿಯಾಗಿದ್ದು, ಕನ್ನಡದಲ್ಲಿ ಇವನ್ನು ಸಮರದಾಟ ಎಂದು ಕರೆಯಬಹುದು. ಇಂಥ ಆಟವನ್ನು ರಚಿಸುವವರಿಗೆ ಬಯಲಿನ ಕಾಳಗ ಅಷ್ಟೇನೂ ತೊಡಕಿನ ವಿಷಯವಲ್ಲ. ಎರಡು ದಂಡುಗಳು ಎದುರುಬದುರು ನಿಲ್ಲುತ್ತವೆ, ಆಟಗಾರರು ಒಬ್ಬರಾದ ಮೇಲೊಬ್ಬರು ಕಾಯಿ ನಡೆಸುತ್ತಾರೆ, ಬಲಾಬಲ ತೂಗಿ ದಾಳ ಉರುಳಿಸಿದರೆ ಗೆಲುವು ಯಾರದೆಂಬುದು ತೀರ್ಮಾನವಾಗುತ್ತದೆ. ಚದುರಂಗದ ಕಾಲದಿಂದ ನಡೆದುಬಂದ ಈ ಏರ್ಪಾಟಿಗೆ ಸುಲಭವಾಗಿ ಒಗ್ಗದವು ಎರಡು: ಮುತ್ತಿಗೆ ಮತ್ತು ಹೊಂಚುದಾಳಿ. ಮುತ್ತಿಗೆಯಲ್ಲಿ ಬಹುಪಾಲು ದಿನಗಳು ಏನೂ ನಡೆಯದೆ ಕಳೆಯುತ್ತವೆ, ಹೊಂಚುದಾಳಿಯಲ್ಲಿ ನಡೆಯಬೇಕಾದದ್ದೆಲ್ಲ ಎದುರಾಳಿಯ ಕಣ್ಣಿಗೆ ಬೀಳದಂತೆ ನಡೆಯಬೇಕಾಗುತ್ತದೆ. ಸರದಿಯಂತೆ ಸಾಗುವ, ಇಬ್ಬರೂ ಒಂದೇ ಹಲಗೆಯನ್ನು ನೋಡುತ್ತ ಕುಳಿತಿರುವ ಆಟದಲ್ಲಿ ಇವೆರಡನ್ನೂ ನಂಬುವಂತೆ ತೋರಿಸುವುದು ಹೇಗೆಂಬ ಪ್ರಶ್ನೆಗೆ ಕಳೆದ ಇನ್ನೂರು ವರ್ಷಗಳಲ್ಲಿ ಬಗೆಬಗೆಯ ಉತ್ತರಗಳು ಬಂದಿವೆ.

ಹಾಗೆಂದು ಮುತ್ತಿಗೆಯ ಆಟಗಳು ಹೊಸವೇನೂ ಅಲ್ಲ. ದಕ್ಷಿಣ ಭಾರತದ ಎಷ್ಟೋ ಗುಡಿಗಳ ಹಾಸುಗಲ್ಲಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಆಡು-ಹುಲಿ ಆಟವೂ ಒಂದು ಬಗೆಯ ಮುತ್ತಿಗೆಯೇ: 3 ಹುಲಿಗಳು ಆಡುಗಳ ಮೇಲೆ ಹಾರಿ ಕಡಿಯುತ್ತವೆ, 15 ಆಡುಗಳು ಯಾವ ಹುಲಿಯನ್ನೂ ಕೊಲ್ಲಲಾರವಾದರೂ ಸುತ್ತುಗಟ್ಟಿ ಅಲುಗದಂತೆ ನಿಲ್ಲಿಸಬಲ್ಲವು. ಯೂರೋಪಿನಲ್ಲಿ ನರಿ ಮತ್ತು ಹೆಬ್ಬಾತುಗಳ ಆಟವೊಂದಿದ್ದು, ಅದರಿಂದ ಬೆಳೆದ ಅಸಾಲ್ಟೊ ಎಂಬ ಆಟ 19ನೆಯ ಶತಮಾನದಲ್ಲಿ ಜನಪ್ರಿಯವಾಗಿತ್ತು. ಅದರ ಶಿಲುಬೆಯಾಕಾರದ ಹಲಗೆಯಲ್ಲಿ ಒಂದು ತೋಳು 9 ಮನೆಗಳ ಕೋಟೆ. ಅದನ್ನು ಕಾಯಲು 2 ಕಾಯಿ, ಮುತ್ತಲು 24 ಕಾಯಿ. 1857ರ ದಂಗೆಯ ನಂತರ ಇಂಗ್ಲೆಂಡಿನಲ್ಲಿ ಈ ಆಟಕ್ಕೆ ‘ಅಧಿಕಾರಿಗಳು ಮತ್ತು ಸಿಪಾಯಿಗಳು’ ಎಂಬ ಹೆಸರು ಬಂತು. ಕೋಟೆ ಕಾಯುವ ಇಬ್ಬರು ಯಾರು, ಮುತ್ತುವ 24 ಮಂದಿ ಯಾರು ಎಂಬುದನ್ನು ಕೊಂಡವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಆಟಗಳಲ್ಲಿ ಸುತ್ತುಗಟ್ಟುವ ಲೆಕ್ಕವಿದೆ, ಹಸಿವಿನ ಲೆಕ್ಕವಿಲ್ಲ. ನಿಜವಾದ ಮುತ್ತಿಗೆಯಲ್ಲಿ ಹಸಿವು ಗೋಡೆಯ ಎರಡೂ ಬದಿಗೆ ಇರುತ್ತದೆ, ಎಷ್ಟೋ ಸಲ ಹೊರಗಿನವರನ್ನೇ ಮೊದಲು ಹಿಡಿಯುತ್ತದೆ. ಒಳಗಿನವರು ಕಣಜ ತುಂಬಿಕೊಂಡು ಬಾಗಿಲು ಹಾಕಿಕೊಂಡಿದ್ದರೆ, ಹೊರಗಿನವರು ಆಗಲೇ ಸೂರೆಹೋದ ಸೀಮೆಯಲ್ಲಿ ಸಾವಿರಾರು ಆಳುಗಳಿಗೆ ಅಕ್ಕಿಯನ್ನೂ ಅದಕ್ಕಿಂತ ಹೆಚ್ಚಿನ ಸಂಖ್ಯೆಯ ದನಗಳಿಗೆ ಮೇವನ್ನೂ ಹುಡುಕಬೇಕಾಗಿರುತ್ತದೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯ ಬಳಿ ಟಿಪ್ಪು ಸುಲ್ತಾನನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ ಮುತ್ತಿಗೆ ಹಾಕಲಾರದೆ ಹೋದದ್ದು ಇದಕ್ಕೆ ಕನ್ನಡನಾಡಿನದೇ ನಿದರ್ಶನ. ಮಳೆ ಹಿಡಿಯಿತು, ದವಸ ತೀರಿತು, ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದು ತಂದಿದ್ದ ಭಾರಿ ತೋಪುಗಳನ್ನು ತಾನೇ ಕೆಡಿಸಿ ಆತ ಬೆಂಗಳೂರಿನ ಕಡೆಗೆ ತಿರುಗಿದ. ತೋಪುಗಳು ಹಾಳಾದ ಕೆಲವೇ ದಿನಗಳಲ್ಲಿ, ಹಿಂದಿರುಗುವ ದಾರಿಯಲ್ಲಿ, ಮಿತ್ರರಾದ ಮರಾಠರ ದಂಡು ದವಸಧಾನ್ಯ ತುಂಬಿದ ಬಜಾರಿನೊಂದಿಗೆ ಎದುರಾಯಿತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಬ್ರಿಟಿಷ್ ಸೇನಾನಿ ಹ್ಯಾರಿಸ್‌ನ ಸೈನ್ಯವನ್ನೂ ಇದೇ ಗಡಿಯಾರ ಓಡಿಸಿತು: ಏಪ್ರಿಲ್ ನಡುವೆಯೇ ಅಕ್ಕಿಯ ಕೊರತೆ ಬಯಲಾಗಿತ್ತು, ಮುಂಗಾರು ಹಿಡಿದು ಕಾವೇರಿ ತುಂಬಿದರೆ ಹೊಳೆ ದಾಟುವ ಮಾತೇ ಇರಲಿಲ್ಲ, ಆದ್ದರಿಂದ ಗೋಡೆ ಒಡೆದುಕೊಂಡೊಡನೆ ಮೇ 4ರ ಮಧ್ಯಾಹ್ನ ಲಗ್ಗೆ ಹತ್ತಲಾಯಿತು.

ಮೊದಲ ತಲೆಮಾರಿನ ಸಮರದಾಟಗಳಿಗೆ ಇಂಥ ಗಡಿಯಾರ ಗೊತ್ತಿರಲಿಲ್ಲ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದು ಮಾರುಕಟ್ಟೆಯ ಸಮರದಾಟಗಳಿಗೆ ಅಡಿಪಾಯ ಹಾಕಿದಾಗ, ಅದರ ನಡುಗಂಬವಾಗಿದ್ದದ್ದು ಕಾಳಗದ ಫಲಿತಾಂಶ ಪಟ್ಟಿ: ದಾಳಿ ಮಾಡುವವರ ಬಲ ಕಾಯುವವರ ಬಲದ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ, ದಾಳ ಉರುಳಿಸಿ, ಆ ಸಾಲಿನಲ್ಲಿ ಬರೆದಿರುವುದನ್ನು ಓದುವುದು. ಈ ಪರಂಪರೆಯ ಆಟಗಳಲ್ಲಿ ಕೋಟೆ ಎಂದರೆ ಕಾಯುವವರ ಬಲವನ್ನು ಎರಡೋ ಮೂರೋ ಪಟ್ಟು ಹೆಚ್ಚಿಸುವ ಒಂದು ಗುಣಕ, ಅಷ್ಟೆ. ಬೆಟ್ಟವೂ ಅದನ್ನೇ ಮಾಡುತ್ತದೆ, ಹೊಳೆಯೂ ಅದನ್ನೇ ಮಾಡುತ್ತದೆ. ಹೆಚ್ಚು ಕಾಯಿ ತಂದು ರಾಶಿ ಹಾಕಿದವನಿಗೆ ಕೋಟೆ ಒಂದೇ ಸರದಿಯಲ್ಲಿ ಬೀಳುತ್ತಿತ್ತು, ರಾಶಿ ಹಾಕಿದವರ ಊಟದ ಗತಿ ಏನೆಂದು ಯಾವ ನಿಯಮವೂ ಕೇಳುತ್ತಿರಲಿಲ್ಲ.

ಮುತ್ತಿಗೆಯನ್ನು ಬಲದ ಲೆಕ್ಕದಿಂದ ಬಿಡಿಸಿ ದಿನದ ಲೆಕ್ಕಕ್ಕೆ ತಂದದ್ದೇ ಮುಂದಿನ ರಚನಕಾರರ ನಿಜವಾದ ಸಾಧನೆ. ಇದಕ್ಕೆ ಇತಿಹಾಸದ ಒತ್ತಾಸೆಯೂ ಇತ್ತು. ಫ್ರಾನ್ಸಿನ 14ನೆಯ ಲೂಯಿಯ ಕೋಟೆ ಶಿಲ್ಪಿ ವೋಬಾನ್, 1673ರಲ್ಲಿ ಮಾಸ್ಟ್ರಿಕ್ಟ್ ನಗರದ ಮುಂದೆ ಗೋಡೆಗೆ ಸಮಾನಾಂತರವಾದ ಕಂದಕಗಳನ್ನು ಒಂದರ ಮುಂದೊಂದು ತೋಡಿಸುತ್ತ, ಅವುಗಳ ನಡುವೆ ಅಂಕುಡೊಂಕಾದ ಓಣಿಗಳನ್ನು ಅಗೆಸುತ್ತ ತೋಪುಗಳನ್ನು ಹತ್ತಿರ ತಂದ. ಕ್ರಮಬದ್ಧವಾದ ಇಂಥ ಮುತ್ತಿಗೆಗೆ ಆರಂಭದಿಂದ ಶರಣಾಗತಿಯವರೆಗೆ ಸುಮಾರು 48 ದಿನ ಹಿಡಿಯುತ್ತದೆಂದು ಆತ ಲೆಕ್ಕ ಕಟ್ಟಿದ್ದ. ಗೋಡೆಯ ಹಿಂದಿದ್ದವರಿಗೂ ಈ ಲೆಕ್ಕ ತಿಳಿದಿದ್ದರಿಂದ ಕೋಟೆ ಉಳಿಯುವುದೋ ಇಲ್ಲವೋ ಎಂಬುದಕ್ಕಿಂತ ಅಷ್ಟು ದಿನಗಳೊಳಗೆ ಹೊರಗಿನಿಂದ ನೆರವಿನ ದಂಡು ಬರುವುದೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತಿತ್ತು. ಕ್ರಿ.ಪೂ. 52ರಲ್ಲಿ ಅಲೇಸಿಯಾದ ಗುಡ್ಡವನ್ನು ಮುತ್ತಿದ ಜೂಲಿಯಸ್ ಸೀಸರ್ ಇದೇ ಭಯದಿಂದ ಒಳಮುಖವಾಗಿ 11 ರೋಮನ್ ಮೈಲಿ ಉದ್ದದ ಸಾಲನ್ನೂ, ಅದರ ಹೊರಗೆ ಹೊರಮುಖವಾಗಿ 14 ಮೈಲಿ ಉದ್ದದ ಇನ್ನೊಂದು ಸಾಲನ್ನೂ ಕಟ್ಟಿಸಿ, ಎರಡರ ನಡುವೆ ತನ್ನ ಸೈನ್ಯವನ್ನು ಇರಿಸಿದ. ಗಾಲರ ನಾಯಕ ವರ್ಸಿಂಜಿಟೋರಿಕ್ಸ್‌ನನ್ನು ಮುತ್ತಿದವರು ತಾವೇ ಮುತ್ತಿಗೆಗೆ ಒಳಗಾಗಿ, ಎರಡು ಗೋಡೆಗಳ ನಡುವಿನ ಬಳೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕಾದಾಡಿದರು. ಈ ಯುದ್ಧ ಸಮರದಾಟಗಳ ರಚನಕಾರರಿಗೆ ಮತ್ತೆ ಮತ್ತೆ ಪ್ರಿಯವಾಗಿರುವುದಕ್ಕೆ ಕಾರಣ ಸ್ಪಷ್ಟ: ಇಲ್ಲಿ ಕಾಯುವುದೂ ಕಾದುವುದೂ ಒಂದೇ ಹಲಗೆಯ ಮೇಲೆ ಸಿಗುತ್ತವೆ.

ದಿನದ ಲೆಕ್ಕವನ್ನು ದಾಳಕ್ಕೆ ಹೇಗೆ ಹೊಂದಿಸಬಹುದೆಂಬುದಕ್ಕೆ 2013ರಲ್ಲಿ ಬಂದ ‘ಯೂರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಆಟದ ಏರ್ಪಾಟನ್ನು ಹತ್ತಿರದಿಂದ ನೋಡಬಹುದು. 1444ರಲ್ಲಿ ಆರಂಭವಾಗುವ ಈ ಆಟದಲ್ಲಿ ವಿಜಯನಗರವನ್ನೋ ಬಹಮನಿ ರಾಜ್ಯವನ್ನೋ ಆರಿಸಿಕೊಂಡು ಕೃಷ್ಣೆ-ತುಂಗಭದ್ರೆಗಳ ನಡುವಿನ ಸೀಮೆಗಾಗಿ ಹೊಡೆದಾಡುವ ಅವಕಾಶವೂ ಇದೆ. ಕೋಟೆಯೊಂದನ್ನು ಮುತ್ತಿದ ಮೇಲೆ ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಯಂತ್ರ ಒಂದು ದಾಳ ಉರುಳಿಸುತ್ತದೆ. ಈ ದಾಳಕ್ಕೆ 14 ಮುಖ. ಬಂದ ಅಂಕಿಗೆ ತೋಪುಗಳ ಬಲ, ಸೇನಾನಿಯ ಪರಿಣತಿ, ಈವರೆಗಿನ ಮುತ್ತಿಗೆಯಿಂದ ಒಳಗಿನವರಿಗೆ ತಟ್ಟಿರುವ ಬಿಸಿ ಎಲ್ಲವೂ ಕೂಡುತ್ತವೆ, ಕೋಟೆಯ ದರ್ಜೆ ಕಳೆಯುತ್ತದೆ, ಒಟ್ಟು 20 ಮುಟ್ಟಿದರೆ ಕೋಟೆ ಶರಣಾಗುತ್ತದೆ. ತೋಪೂ ಇಲ್ಲದ, ಪಳಗಿದ ಸೇನಾನಿಯೂ ಇಲ್ಲದ ದಂಡಿಗೆ ಮೊದಲ ತಿಂಗಳಲ್ಲಿ 14 ಬಿದ್ದರೂ 20 ಮುಟ್ಟುವ ದಾರಿಯೇ ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮೊದಮೊದಲ ದಾಳಗಳಿಂದ ಸಿಗುವುದು ಕೋಟೆಯೊಳಗೆ ದವಸದ ಕೊರತೆ, ನೀರಿನ ಕೊರತೆ ಎಂಬಂಥ ಸಣ್ಣ ಫಲಗಳು. ಅವು ಮುಂದಿನ ತಿಂಗಳ ದಾಳಕ್ಕೆ ಒಂದೆರಡು ಅಂಕಗಳಾಗಿ ಸೇರಿಕೊಳ್ಳುತ್ತ ಹೋಗುತ್ತವೆ. ದಾಳದಲ್ಲಿ 1 ಬಿದ್ದರೆ ಮಾತ್ರ ಕಥೆ ತಿರುಗುತ್ತದೆ: ಮುತ್ತಿದವರ ಪಾಳೆಯದಲ್ಲಿ ರೋಗ ಹಬ್ಬಿ ನೂರಕ್ಕೆ 5 ಮಂದಿ ಸಾಯುತ್ತಾರೆ. ಅರಕೆರೆಯ ಮಳೆಯಲ್ಲಿ ನಿಂತಿದ್ದ ದಂಡಿನ ಪಾಡನ್ನು ಈ ಒಂದು ಅಂಕಿ ಹೇಳಬಲ್ಲಷ್ಟು ಹಿಂದಿನ ಗುಣಕಗಳ ಪಟ್ಟಿ ಹೇಳಲಾರದು.

ಮೇಜಿನ ಮೇಲಿನ ಆಟಗಳಲ್ಲಿ ಇದೇ ವಿಚಾರವನ್ನು ಇನ್ನೂ ಕಟುವಾಗಿ ತಂದದ್ದು ವೋಲ್ಕೊ ರೂಂಕೆ ರಚಿಸಿದ, 2019ರಲ್ಲಿ ಪ್ರಕಟವಾದ ‘ನೆವ್‌ಸ್ಕಿ’. 1240ರಿಂದ 1242ರವರೆಗೆ ಬಾಲ್ಟಿಕ್ ಸೀಮೆಯಲ್ಲಿ ಟ್ಯೂಟನ್ ಸರದಾರರಿಗೂ ರಷ್ಯನ್ನರಿಗೂ ನಡೆದ ಹೋರಾಟ ಇದರ ವಸ್ತು. ಪ್ರತಿ ಸರದಿಯೂ 40 ದಿನಗಳದ್ದು. ಏಕೆಂದರೆ ಯೂರೋಪಿನ ಊಳಿಗಮಾನ್ಯ ಪದ್ಧತಿಯಲ್ಲಿ ಪಾಳೆಯಗಾರನು ದೊರೆಗೆ ಸಲ್ಲಿಸಬೇಕಾದ ದಂಡಿನ ಸೇವೆಯ ವಾಡಿಕೆಯ ಅವಧಿಯೇ 40 ದಿನ. ಕೋಟೆಯ ಮುಂದೆ ಕುಳಿತ ಸರದಾರನಿಗೆ ಊಟ ಒದಗಿಸದಿದ್ದರೆ ಅವನ ಸೇವಾವಧಿ ಮೊಟಕಾಗುತ್ತದೆ, ಹಣ ಕೊಟ್ಟರೆ ಕೊಂಚ ಹಿಗ್ಗುತ್ತದೆ, ಅವಧಿ ಮುಗಿದರೆ ಗೋಡೆ ಬೀಳುವ ಹಂತದಲ್ಲಿದ್ದರೂ ಅವನು ಮನೆಗೆ ಹೊರಟುಬಿಡುತ್ತಾನೆ. ಊಟ ತರುವ ಸಾಧನವೂ ಋತುವನ್ನು ಹೊಂದಿಕೊಂಡಿದೆ: ಬೇಸಿಗೆಯಲ್ಲಿ ಗಾಡಿ ಓಡುತ್ತದೆ, ಚಳಿಗಾಲದ ಹಿಮದಲ್ಲಿ ಜಾರುಬಂಡಿ ಮಾತ್ರ, ಹಿಮ ಕರಗಿ ನಾಡೆಲ್ಲ ಕೆಸರಾಗುವ ತಿಂಗಳುಗಳಲ್ಲಿ ದೋಣಿಯ ಹೊರತು ಬೇರೆ ಗತಿಯಿಲ್ಲ. ಇಂಥ ಆಟವನ್ನು ಮೊದಲ ಬಾರಿ ಆಡುವವರು ಕತ್ತಿ ಹಿರಿಯುವುದಕ್ಕಿಂತ ಗಾಡಿ ಎಣಿಸುವುದರಲ್ಲೇ ಸಂಜೆ ಕಳೆಯುತ್ತಾರೆ. ಅದನ್ನು ಬೇಸರವೆಂದು ಕರೆದರೆ ತಪ್ಪಲ್ಲ, ಆದರೆ ಆ ಬೇಸರ ಇತಿಹಾಸಕ್ಕೆ ನಿಷ್ಠವಾದ ಬೇಸರ.

ಮುತ್ತಿಗೆಯೂ ಹೊಂಚುದಾಳಿಯೂ ಸಂಧಿಸುವ ಎಡೆ ಒಂದಿದೆ, ಅದು ಕಿಂಡಿ. ಗೋಡೆಯಲ್ಲಿ ಬಿದ್ದ ಬಿರುಕು, ಅಡಿಯಲ್ಲಿ ತೋಡಿದ ಸುರಂಗ, ಮರೆತುಹೋದ ದಿಡ್ಡಿ ಬಾಗಿಲು ಯಾವುದೇ ಇರಲಿ, ಹೊರಗೆ ಸಾವಿರ ಮಂದಿ ನಿಂತಿದ್ದರೂ ಒಳಗೆ ತಲೆ ಹಾಕುವವನು ಒಂದು ಗಳಿಗೆಗೆ ಒಬ್ಬನೇ. ಹೈದರಾಲಿಯು ಚಿತ್ರದುರ್ಗವನ್ನು ಮುತ್ತಿದ್ದಾಗ ಒನಕೆ ಹಿಡಿದು ಕಿಂಡಿಯ ಪಕ್ಕದಲ್ಲಿ ನಿಂತ ಓಬವ್ವನ ಐತಿಹ್ಯ ಕನ್ನಡಿಗರೆಲ್ಲರಿಗೂ ತಿಳಿದದ್ದು; ಆಟದ ಪರಿಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಎರಡು ನಿಯಮಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಮನೆಯಲ್ಲಿ ಎಷ್ಟು ಕಾಯಿ ನಿಲ್ಲಬಹುದೆಂಬ ಮಿತಿ ಒಂದು, ಒಳಗೆ ಬಂದವನಿಗೆ ಪಕ್ಕದಲ್ಲಿ ಯಾರಿದ್ದಾರೆಂದು ಕಾಣದಿರುವುದು ಇನ್ನೊಂದು. ಮೊದಲನೆಯದನ್ನು ಬರೆಯುವುದು ಸುಲಭ, ಯಾವ ನಿಯಮಪುಸ್ತಕದಲ್ಲಾದರೂ ಅದಕ್ಕೊಂದು ಸಾಲು ಇದ್ದೇ ಇರುತ್ತದೆ. ಎರಡನೆಯದೇ ಕಷ್ಟ, ಏಕೆಂದರೆ ಕಾಯಿಗೆ ಕಣ್ಣಿಲ್ಲ, ನೋಡುವುದು ಆಟಗಾರ, ಮತ್ತು ಆಟಗಾರನಿಗೆ ಹಲಗೆಯೆಲ್ಲ ಕಾಣುತ್ತದೆ.

ಇದಕ್ಕೆ ಹಳೆಯ ಪರಿಹಾರ ಮೂರನೆಯ ಮನುಷ್ಯ. ಪ್ರಷ್ಯಾದ ಸೈನ್ಯಾಧಿಕಾರಿ ಕಿರಿಯ ಫಾನ್ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್‌ಶ್ಪೀಲ್’ ಆಟದಲ್ಲಿ 1:8000 ಅಳತೆಯ ನಕ್ಷೆಯ ಮೇಲೆ ಪ್ರತಿ ಸರದಿಗೂ ಎರಡು ನಿಮಿಷದ ಯುದ್ಧವನ್ನು ಆಡಿಸುತ್ತಿದ್ದರು. ಅಲ್ಲಿನ ಹೊಸತನ ಇದ್ದದ್ದು ತೀರ್ಪುಗಾರನಲ್ಲಿ: ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಅವನಿಗೆ ಒಪ್ಪಿಸುತ್ತಿದ್ದರು, ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದ ತುಕಡಿಗಳನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಿದ್ದ. ಕಾಡಿನ ಹಿಂದೆ ಅಶ್ವದಳವಿದೆಯೆಂದು ಬಲ್ಲವನು ಅವನೊಬ್ಬನೇ. ಒಳ್ಳೆಯ ತೀರ್ಪುಗಾರ ಸಿಕ್ಕರೆ ಇದಕ್ಕಿಂತ ಸೊಗಸಾದ ಏರ್ಪಾಟಿಲ್ಲ. ಸಿಗುವುದೇ ಅಪರೂಪ, ಮತ್ತು ಸಿಕ್ಕವನಿಗೆ ಆಡುವ ಸುಖವಿಲ್ಲ. ಹೀಗಾಗಿ ಮೂರನೆಯವನಿಲ್ಲದೆ ಮರೆಮಾಡುವ ಉಪಾಯಗಳು ಬೇಕಾದವು. ಫ್ರಾನ್ಸಿನ ಎರ್ಮಾನ್ಸ್ ಎದಾನ್ ಎಂಬ ಮಹಿಳೆ ರೂಪಿಸಿ 1909ರಲ್ಲಿ ಪೇಟೆಂಟ್ ಪಡೆದ ‘ಲತಾಕ್’ ಆಟದಲ್ಲಿ ಕಾಯಿಗಳು ಎದುರಾಳಿಗೆ ಬೆನ್ನು ತೋರಿಸಿ ನಿಲ್ಲುತ್ತವೆ. ಈಗಲೂ ಮಾರಾಟವಾಗುವ ‘ಸ್ಟ್ರಾಟೆಗೊ’ ಇದರ ಸಂತತಿ. 1972ರಲ್ಲಿ ಕೆನಡಾದಲ್ಲಿ ಬಂದ ‘ಕ್ವಿಬೆಕ್ 1759’ ಇದೇ ತತ್ವವನ್ನು ಮರದ ಗಟ್ಟಿಗಳಿಗೆ ಅನ್ವಯಿಸಿತು: ಗಟ್ಟಿಯ ಒಂದು ಮುಖದಲ್ಲಿ ಮಾತ್ರ ಚಿಹ್ನೆ ಇರುವುದರಿಂದ ಎದುರಿಗೆ ದಂಡಿದೆಯೆಂದು ಕಂಡರೂ ಅದು ಯಾವ ದಂಡು, ಎಷ್ಟು ಬಲದ್ದು ಎಂಬುದು ಮುಟ್ಟುವವರೆಗೂ ತಿಳಿಯುವುದಿಲ್ಲ.

ಒಬ್ಬನೇ ಕುಳಿತು ಆಡುವವನು ತನಗೆ ತಾನೇ ಹೊಂಚು ಹಾಕಿಕೊಳ್ಳುವುದು ಹೇಗೆ? ಈ ವಿಚಿತ್ರ ಪ್ರಶ್ನೆಗೆ ಎರಿಕ್ ಲೀ ಸ್ಮಿತ್ ಮತ್ತು ಜಾನ್ ಬಟರ್‌ಫೀಲ್ಡ್ 1983ರಲ್ಲಿ ರಚಿಸಿದ ‘ಆ್ಯಂಬುಷ್’ ಆಟ ಕೊಟ್ಟ ಉತ್ತರ ಕುಶಲತೆಯದು. ಎರಡನೆಯ ಮಹಾಯುದ್ಧದ ಅಮೆರಿಕನ್ ತುಕಡಿಯೊಂದನ್ನು ಆಟಗಾರ ಷಟ್ಕೋನದ ಮನೆಗಳ ನಕ್ಷೆಯ ಮೇಲೆ ನಡೆಸುತ್ತಾನೆ. ಪ್ರತಿ ಕಾರ್ಯಾಚರಣೆಗೂ ಅಂಕಿಗಳ ಸಾಲುಗಳಿರುವ ಒಂದು ರಟ್ಟು ಇರುತ್ತದೆ, ಆ ರಟ್ಟು ಕಿಟಕಿಯಿರುವ ಲಕೋಟೆಯೊಳಗೆ ಕುಳಿತಿರುತ್ತದೆ. ಸೈನಿಕನೊಬ್ಬ ಹೊಸ ಮನೆಗೆ ಕಾಲಿಟ್ಟಾಗ ಆ ಮನೆಯ ಸಂಖ್ಯೆಯನ್ನು ಕಿಟಕಿಯಲ್ಲಿ ನೋಡಿ, ಅಲ್ಲಿ ಸೂಚನೆಯಿದ್ದರೆ ಜೊತೆಯ ಪುಸ್ತಿಕೆಯಲ್ಲಿ ಆ ಪರಿಚ್ಛೇದವನ್ನು ಓದಬೇಕು. ಬಹಳ ಸಲ ಏನೂ ಇರುವುದಿಲ್ಲ. ಏನೂ ಇರದ ಆ ಮನೆಗಳೇ ಆಟದ ಜೀವಾಳ, ಏಕೆಂದರೆ ಹತ್ತು ಮನೆ ಸುಮ್ಮನೆ ದಾಟಿದವನ ಬೆರಳು ಹನ್ನೊಂದನೆಯದಕ್ಕೆ ಲಕೋಟೆಯನ್ನು ಜರುಗಿಸುವಾಗ ತಡವರಿಸುತ್ತದೆ.

ಕಂಪ್ಯೂಟರ್ ಬಂದ ಮೇಲೆ ತೀರ್ಪುಗಾರನ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತು. ತನ್ನ ಕಡೆಯವರಿಗೆ ಕಾಣುವಷ್ಟು ನೆಲವನ್ನು ಮಾತ್ರ ಬೆಳಗಿಸಿ ಉಳಿದದ್ದನ್ನು ಕತ್ತಲಲ್ಲಿಡುವ ಪದ್ಧತಿ ಇಂದು ಎಲ್ಲೆಡೆ ಇದೆ. 2004ರ ‘ರೋಮ್: ಟೋಟಲ್ ವಾರ್’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಡಿನಲ್ಲಿ ಅಡಗಿದ ದಂಡಿನ ಬಲೆಗೆ ಬಿದ್ದ ಸೈನ್ಯವನ್ನು ಕಾಳಗದ ಆರಂಭದಲ್ಲಿ ವ್ಯೂಹವಿಲ್ಲದೆ, ದಾರಿ ನಡೆಯುವ ಉದ್ದನೆಯ ಸಾಲಿನಲ್ಲೇ ನಿಲ್ಲಿಸುತ್ತದೆ. ಕ್ರಿ.ಪೂ. 217ರಲ್ಲಿ ಟ್ರಾಸಿಮೀನ್ ಸರೋವರದ ದಡದಲ್ಲಿ ಬೆಳಗಿನ ಮಂಜಿನೊಳಗೆ ಹ್ಯಾನಿಬಲ್ಲನ ಕೈಗೆ ಸಿಕ್ಕ ರೋಮನ್ ಸೈನ್ಯ ನಿಂತಿದ್ದದ್ದೂ ಹೀಗೆಯೇ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗುಡ್ಡ. ಆದರೆ ನಿಜವಾದ ಟ್ರಾಸಿಮೀನನ್ನೇ ಆಡಿಸಹೊರಟವರಿಗೆ ಯಂತ್ರವೂ ನೆರವಾಗದ ತೊಡಕೊಂದಿದೆ: ಪೆಟ್ಟಿಗೆಯ ಮೇಲಿನ ಹೆಸರು ಓದಿದ ಯಾವ ಆಟಗಾರನೂ ಆ ದಡದ ಮೇಲೆ ಸೈನ್ಯ ನಡೆಸುವುದಿಲ್ಲ.

ಈ ತೊಡಕನ್ನು ಬಿಡಿಸಲು ಎಲೆಗಳ ಆಟ ನೆರವಾಯಿತು. ಉತ್ತರ ಅಮೆರಿಕದ ಒಡೆತನಕ್ಕಾಗಿ 18ನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷರಿಗೂ ಫ್ರೆಂಚರಿಗೂ ನಡೆದ ಯುದ್ಧವನ್ನು ಕುರಿತ, ರೂಂಕೆಯದೇ ಆದ 2001ರ ‘ವೈಲ್ಡರ್‌ನೆಸ್ ವಾರ್’ನಲ್ಲಿ ಹೊಂಚುದಾಳಿ ಎಂಬುದು ಆಟಗಾರನ ಕೈಯಲ್ಲಿರುವ ಒಂದು ಎಲೆ, ಕಾಡಿನಲ್ಲಿ ಕಾಳಗ ಕೂಡಿದಾಗ ಅದನ್ನು ಮೇಜಿನ ಮೇಲಿಟ್ಟವರಿಗೆ ಮೊದಲು ಹೊಡೆಯುವ ಅವಕಾಶ ಸಿಗುತ್ತದೆ. ಹಲಗೆಯ ಮೇಲೆ ಯಾರೂ ಅಡಗಿರಲಿಲ್ಲ, ಅಡಗಿದ್ದದ್ದು ಕೈಯಲ್ಲಿ. ಇದು ಕೃತಕವೆನಿಸಬಹುದಾದರೂ ಇತಿಹಾಸಕ್ಕೆ ಅಚ್ಚರಿಯಾಗುವಷ್ಟು ಹತ್ತಿರವಾಗಿದೆ. 1755ರ ಜುಲೈ 9ರಂದು ಮೊನೊಂಗಹೀಲಾ ನದಿಯ ಬಳಿ ಜನರಲ್ ಬ್ರಾಡಕ್‌ನ ಬ್ರಿಟಿಷ್ ದಂಡು ಧೂಳೀಪಟವಾದದ್ದನ್ನು ಜನ ಹೊಂಚುದಾಳಿಯೆಂದೇ ಕರೆಯುತ್ತ ಬಂದಿದ್ದರೂ, ಅಲ್ಲಿ ಮೊದಲೇ ಬಲೆ ಬೀಸಿ ಕಾದವರು ಯಾರೂ ಇರಲಿಲ್ಲ; ಎರಡು ದಂಡುಗಳು ಕಾಡುದಾರಿಯಲ್ಲಿ ಅನಿರೀಕ್ಷಿತವಾಗಿ ಮುಖಾಮುಖಿಯಾದವು, ಫ್ರೆಂಚರ ಜೊತೆಗಿದ್ದ ಮೂಲನಿವಾಸಿ ಯೋಧರು ಕ್ಷಣದಲ್ಲಿ ಎರಡೂ ಬದಿಯ ಮರಗಳ ಹಿಂದೆ ಚದುರಿಕೊಂಡರು, ಹೊಂಚು ಹುಟ್ಟಿದ್ದೇ ಆಗ.

ಇದೇ ಯುದ್ಧವನ್ನು ಮಾರ್ಟಿನ್ ವಾಲೇಸ್ 2011ರಲ್ಲಿ ‘ಎ ಫ್ಯೂ ಏಕರ್ಸ್ ಆಫ್ ಸ್ನೋ’ ಎಂಬ ಹೆಸರಿನಲ್ಲಿ ಆಟವಾಗಿಸಿದ. ಕೆನಡಾ ಎಂದರೆ ಒಂದಿಷ್ಟು ಎಕರೆ ಹಿಮವೆಂದು ವೊಲ್ತೇರ್ ಮೂದಲಿಸಿದ್ದೇ ಈ ಹೆಸರಿಗೆ ಮೂಲ. ಇಬ್ಬರು ಆಟಗಾರರಿಗೂ ಒಂದೊಂದು ಎಲೆಗಳ ಕಟ್ಟು ಇರುತ್ತದೆ. ಊರು ಗೆದ್ದಂತೆಲ್ಲ ಆ ಊರಿನ ಎಲೆ ಕಟ್ಟಿಗೆ ಸೇರುತ್ತದೆ, ಕಟ್ಟು ದಪ್ಪವಾದಂತೆ ಬೇಕಾದ ಎಲೆ ಕೈಗೆ ಬರುವುದು ತಡವಾಗುತ್ತದೆ. ರಾಜ್ಯ ಬೆಳೆದಷ್ಟೂ ಆಜ್ಞೆ ತಲುಪುವುದು ನಿಧಾನವೆಂಬ ಸಂಗತಿ ಒಂದೇ ಒಂದು ನಿಯಮ ಬರೆಯದೆ ಹೀಗೆ ಆಟದೊಳಗೆ ಬಂದುಬಿಡುತ್ತದೆ. ಮುತ್ತಿಗೆ ಆರಂಭಿಸಲು ಗುರಿಗೆ ದಾರಿಯಿರುವ ಊರಿನ ಎಲೆ, ದೋಣಿಯೋ ಹಡಗೋ ಇರುವ ಎಲೆ, ಸೈನಿಕರ ಎಲೆ ಮೂರೂ ಕೂಡಬೇಕು, ಮುತ್ತಿಗೆಗೆ ಇಟ್ಟ ಎಲೆ ಅದು ಮುಗಿಯುವವರೆಗೆ ಕೈಗೆ ಮರಳುವುದಿಲ್ಲ. ಹೊಂಚುದಾಳಿ ಬೀಳುವುದು ಎದುರಾಳಿಯ ಕೈಮೇಲೆಯೇ: ತಡೆಯುವ ಎಲೆ ಇಲ್ಲದವನು ಕೈಯಲ್ಲಿದ್ದ ಸೈನಿಕರ ಎಲೆಯೊಂದನ್ನು ಕಳೆದುಕೊಳ್ಳುತ್ತಾನೆ. ಇನ್ನೂ ಹಲಗೆಗೇ ಇಳಿಯದ ದಂಡು ಕಾಡಿನಲ್ಲಿ ಕರಗಿಹೋಗುವುದನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ಉಪಾಯ ಸಿಗುವುದು ಕಷ್ಟ.

ಆದರೆ ಆಟ ಬಂದ ಸ್ವಲ್ಪ ಕಾಲದಲ್ಲೇ ಆಟಗಾರರು ಅದರ ಗೋಡೆಯಲ್ಲೊಂದು ಕಿಂಡಿ ಕಂಡುಹಿಡಿದರು. ಬ್ರಿಟಿಷ್ ಆಟಗಾರ ಬೇರೆಲ್ಲ ಊರುಗಳ ಆಸೆ ಬಿಟ್ಟು, ಕಟ್ಟನ್ನು ತೆಳ್ಳಗೆ ಇಟ್ಟುಕೊಂಡು, ಹ್ಯಾಲಿಫ್ಯಾಕ್ಸ್ ಬಂದರನ್ನು ನೆಲೆ ಮಾಡಿಕೊಂಡು, ಸಮುದ್ರ ಮಾರ್ಗವಾಗಿ ಲೂಯಿಬೂರ್ಗ್ ಕೋಟೆಯನ್ನೂ ಆಮೇಲೆ ಕ್ವಿಬೆಕ್ಕನ್ನೂ ಮುತ್ತಿದರೆ ಫ್ರೆಂಚ್ ಆಟಗಾರ ತಡೆಯುವುದು ಬಹು ಕಷ್ಟವೆಂದು ತಿಳಿದುಬಂತು. ‘ಹ್ಯಾಲಿಫ್ಯಾಕ್ಸ್ ಸುತ್ತಿಗೆ’ ಎಂದು ಹೆಸರಾದ ಈ ತಂತ್ರದಿಂದ ಆಟ ಕೆಟ್ಟಿತೆಂದು ಹಲವರು ದೂರಿದರು, ವಾಲೇಸ್ ನಿಯಮಗಳನ್ನು ತಿದ್ದಬೇಕಾಯಿತು. ದೂರು ನ್ಯಾಯವಾದದ್ದೇ, ಗೆಲ್ಲುವ ದಾರಿ ಒಂದೇ ಇರುವ ಆಟ ಎರಡು ಸಲ ಆಡಲು ಯೋಗ್ಯವಲ್ಲ. ಆದರೂ 1758ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಕೂಡಿದ ಬ್ರಿಟಿಷ್ ನೌಕಾಪಡೆ ಜೂನ್‌ನಲ್ಲಿ ಲೂಯಿಬೂರ್ಗನ್ನು ಮುತ್ತಿ ಜುಲೈ 26ರಂದು ಹಿಡಿದದ್ದೂ, ಮರುವರ್ಷ ಅದೇ ನೀರಿನ ದಾರಿಯಲ್ಲಿ ಕ್ವಿಬೆಕ್‌ಗೆ ಹೋದದ್ದೂ ದಾಖಲೆಯಲ್ಲಿರುವ ಸಂಗತಿ. ಸುತ್ತಿಗೆ ಬೀಸಿದ್ದು ಆಟಗಾರರಿಗಿಂತ ಮೊದಲು ಇತಿಹಾಸವೇ.

ಆ ಇತಿಹಾಸದಲ್ಲಿ ಫ್ರೆಂಚರಿಗೆ ಉಳಿದಿದ್ದದ್ದು ಒಂದೇ ಒಂದು ದಾಳ. 1759ರ ಸೆಪ್ಟೆಂಬರಿನಲ್ಲಿ ಕ್ವಿಬೆಕ್ ಬ್ರಿಟಿಷರ ವಶವಾದ ಮೇಲೆ, ಮರುವರ್ಷದ ಏಪ್ರಿಲ್‌ನಲ್ಲಿ ಫ್ರೆಂಚ್ ಸೇನಾನಿ ಲೆವಿ ಊರಿನ ಹೊರಗಿನ ಸೇಂಟ್-ಫುವಾ ಕಾಳಗದಲ್ಲಿ ಗೆದ್ದು ಅದನ್ನು ತಿರುಗಿ ಮುತ್ತಿದ. ಅವನ ಬಳಿ ಮದ್ದುಗುಂಡು ಕಡಿಮೆ, ಒಳಗಿನವರಲ್ಲಿ ರೋಗ ಹೆಚ್ಚು. ಎರಡೂ ಕಡೆಯವರು ಗೋಡೆಯನ್ನು ಬಿಟ್ಟು ಸೇಂಟ್ ಲಾರೆನ್ಸ್ ನದಿಯನ್ನೇ ನೋಡುತ್ತಿದ್ದರು, ಏಕೆಂದರೆ ಹಿಮ ಕರಗಿದ ಮೇಲೆ ಯಾರ ಹಡಗು ಮೊದಲು ಬರುವುದೋ ಊರು ಅವರದೆಂಬುದು ಇಬ್ಬರಿಗೂ ತಿಳಿದಿತ್ತು. ಮೇ 9ರಂದು ಒಂದು ಹಡಗು ತಿರುವಿನಲ್ಲಿ ಕಾಣಿಸಿತು. ಅದರ ಮೇಲೆ ಏರಿದ್ದದ್ದು ಬ್ರಿಟಿಷರ ಬಾವುಟ. ಅದರ ಹಿಂದೆ ಇನ್ನಷ್ಟು ಹಡಗುಗಳು ಬಂದಾಗ ಲೆವಿ ತೋಪುಗಳನ್ನು ಇದ್ದಲ್ಲೇ ಬಿಟ್ಟು ಮಾಂಟ್ರಿಯಲ್ ಕಡೆಗೆ ಹೊರಟ.